ಸಹಿ ತಪ್ಪಿಸಿಕೊಂಡು ಲಂಡನ್ನಿಗೆ

ನಾನು ಲಂಡನ್ನಿಗೆ ಹೋಗಿದ್ದು ಮೊಮ್ಮಗಳನ್ನು ನೋಡುವುದಕ್ಕಲ್ಲ, ಊರು ನೋಡುವುದಕ್ಕೂ ಅಲ್ಲ. ಒಂದು ಕಾಗದಕ್ಕೆ ಸಹಿ ಹಾಕಬೇಕಾಗಿತ್ತು. ಹಾಕುವ ಧೈರ್ಯ ಇರಲಿಲ್ಲ, ಓಡಿಹೋದೆ. ನಡೆದಿದ್ದು ಅಷ್ಟೇ. ಅರಮನೆ ಕಂಡೆ, ಗಡಿಯಾರದ ಗೋಪುರ ಕಂಡೆ ಎಂದು ಊರಿನವರಿಗೆ ಹೇಳಿದ್ದೆಲ್ಲ ಆಮೇಲೆ ಸೇರಿಸಿದ್ದು.

ನಮ್ಮೂರು

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಒಂಬತ್ತು ವರ್ಷದ ಹಿಂದೆ ನಾಲೆ ನೀರಿನ ಸರದಿಗೆ ಜಗಳವಾಗಿ, ನನ್ನ ಮೈದುನನ ಮಗ ನಾಗರಾಜ ನನ್ನ ಗಂಡನಿಗೆ ಗುದ್ದಲಿಯಲ್ಲಿ ಹೊಡೆದ. ಹಾಸನದ ಆಸ್ಪತ್ರೆ ಮುಟ್ಟುವುದರೊಳಗೆ ಅವರು ಹೋದರು. ದೂರು ಕೊಟ್ಟವಳು ನಾನು. ನಾಗರಾಜನಿಗೆ ಜೀವಾವಧಿ ಆಯಿತು. ಈಗ ಮೈಸೂರು ಜೈಲಿನಲ್ಲಿದ್ದಾನೆ. ಚಿಕ್ಕವನಿದ್ದಾಗ ಅವನಿಗೆ ಎಣ್ಣೆ ಒತ್ತಿ ನೀರು ಹಾಕಿದವಳೂ ನಾನೇ. ಅದನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವನ ತಾಯಿ ಜವರಮ್ಮ ನನ್ನ ವಾರಗಿತ್ತಿ. ನಮ್ಮ ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವಳು ಕೆಮ್ಮಿದರೆ ನನಗೆ ಕೇಳುತ್ತದೆ, ನಮ್ಮ ಕುಕ್ಕರ್ ಕೂಗಿದರೆ ಅವಳಿಗೆ ಕೇಳುತ್ತದೆ. ಒಂಬತ್ತು ವರ್ಷದಿಂದ ಮಾತಿಲ್ಲ. ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಮಾತ್ರ ಒಬ್ಬರ ಹಿಂದೆ ಒಬ್ಬರು ಹಾಲಿನ ಕ್ಯಾನು ಹಿಡಿದು ನಿಲ್ಲುತ್ತೇವೆ. ಜಗಳ ಎಂದು ಹಾಲು ಕಾಯುತ್ತದೆಯೇ?

ಈ ಬೇಸಿಗೆಯಲ್ಲಿ ಜವರಮ್ಮ ಸಾಲಿಗೆ ಬರುವುದು ನಿಂತಿತು. ಹೊಟ್ಟೆಯಲ್ಲಿ ಗಡ್ಡೆ ಎಂದರು. ಅದಾಗಿ ಸ್ವಲ್ಪ ದಿನಕ್ಕೆ ಠಾಣೆಯಿಂದ ಪೇದೆ ಬಂದ. ನಾಗರಾಜ ತಾಯಿಯನ್ನು ನೋಡಬೇಕೆಂದು ಪೆರೋಲ್ ಕೇಳಿದ್ದಾನೆ, ಜೈಲಿನವರು ಠಾಣೆಗೆ ಬರೆದಿದ್ದಾರೆ, ಅವನು ಬಂದರೆ ಊರಲ್ಲಿ ಗಲಾಟೆಯಾಗುತ್ತದೋ ಇಲ್ಲವೋ ಎಂದು ಠಾಣೆಯವರು ವರದಿ ಕಳಿಸಬೇಕು.

"ಊರ್ನೋರೆಲ್ಲ ಯೋಳಿದ್ದಾಯ್ತು ಕಣಮ್ಮ. ಕಂಪ್ಲೇಂಟ್ ಕೊಟ್ಟಿರೋರು ನೀವು. ನಿಮ್ದೊಂದು ಹೇಳಿಕೆ ಬೇಕು" ಎಂದ.

"ಏನಂತ ಯೋಳ್ಬೇಕು?"

"ಆಕ್ಷೇಪಣೆ ಐತೆ ಅನ್ನಿ, ಇಲ್ಲಾ ಆಕ್ಷೇಪಣೆ ಇಲ್ಲ ಅನ್ನಿ. ಎರಡ್ರಲ್ಲಿ ಒಂದು. ಕೆಳಗೊಂದು ಸೈನು."

ನನ್ನ ಮಗ ಮಂಜ ಹಸುವಿಗೆ ಹುಲ್ಲು ಹಾಕುತ್ತಿದ್ದವನು ತಿರುಗಿ ನೋಡದೆ ಹೇಳಿದ: "ಬರ್ಲಿ ಬುಡವ್ವ. ಊರೊಳಕ್ಕೆ ಬರ್ಲಿ."

ಅವನು ಕೂಗಾಡಿದ್ದರೆ ನನಗೆ ಹೆದರಿಕೆ ಆಗುತ್ತಿರಲಿಲ್ಲ. ಮೆಲ್ಲಗೆ ಹೇಳಿದ.

ಆಕ್ಷೇಪಣೆ ಇಲ್ಲ ಎಂದರೆ ನಾಗರಾಜ ಗೋಡೆಯ ಆ ಕಡೆ ಬಂದು ಕೂರುತ್ತಾನೆ, ಮಂಜ ಈ ಕಡೆ. ಎರಡು ದಿನದಲ್ಲಿ ಮಂಜನೂ ಜೈಲಿಗೆ. ಇದೆ ಎಂದರೆ ಜವರಮ್ಮ ಮಗನ ಮುಖ ಕಾಣದೆ ಸಾಯುತ್ತಾಳೆ, ಅದೂ ನನಗೆ ಗೋಡೆಯಲ್ಲಿ ಕೇಳುತ್ತದೆ. ಪೇದೆಗೆ "ನಾಳಿದ್ದು ಬಾರಪ್ಪ" ಎಂದೆ.

ಅರಕಲಗೂಡಿಗೆ ಕೊಟ್ಟಿರುವ ನನ್ನ ಮಗಳ ಮಗಳು ಸಿಂಧು. ಹಾಸನದಲ್ಲಿ ನರ್ಸಿಂಗ್ ಓದಿ, ಲಂಡನ್ನಿನ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದಾಳೆ. ನನಗೆ ವೀಸಾ ಮಾಡಿಸಿ ಇಟ್ಟಿದ್ದಳು. ಬಿತ್ತನೆ ಆಗಲಿ, ಹಸು ಕರು ಹಾಕಲಿ ಎಂದು ನಾನೇ ಮುಂದೂಡುತ್ತಿದ್ದೆ. ಅವತ್ತು ಮಧ್ಯಾಹ್ನ ಫೋನ್ ಮಾಡಿಸಿ "ಈ ವಾರಾನೇ ಬತ್ತೀನಿ, ಟಿಕೆಟ್ ತಗೀ" ಎಂದೆ. ಅಜ್ಜಿಗೆ ನನ್ನ ನೆನಪು ಜಾಸ್ತಿಯಾಗಿದೆ ಎಂದು ಅವಳು ಅವರಮ್ಮನ ಹತ್ತಿರ ಹೇಳಿಕೊಂಡು ಅತ್ತಳಂತೆ.

ಬೆಂಗಳೂರು, ವಿಮಾನ

ಪಾಸ್‌ಪೋರ್ಟ್ ನೋಡುವ ಕಿಟಕಿಯಲ್ಲಿ ಕೂತಿದ್ದವನು ಕನ್ನಡದವನೇ. ಖಾಕಿ ಇರಲಿಲ್ಲ, ಆದರೆ ನೋಟ ಪೊಲೀಸಿನವರದೇ. "ಏನಜ್ಜಿ, ಯಾಕೆ ಹೋಗ್ತಿದ್ದೀರ?" ಎಂದ.

ನನ್ನ ಬಾಯಿಂದ ಬಂದಿದ್ದು, "ಬಂದ್ಮೇಲೆ ಸೈನ್ ಹಾಕ್ತೀನಿ ಸಾ."

"ಯಾವ ಸೈನು? ಇಲ್ಲೇನೂ ಬೇಡ. ಕ್ಯಾಮೆರಾ ನೋಡಿ."

ಠಾಣೆಯಿಂದ ಇಲ್ಲಿಗೂ ಫೋನ್ ಬಂದಿರಬೇಕು ಎಂದುಕೊಂಡಿದ್ದೆ. ವಿಮಾನದಲ್ಲಿ ನನ್ನ ಪಕ್ಕದವನು ಕೂತ ಕೂಡಲೇ ಗಾಣದ ಎತ್ತಿನ ಹಾಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿಬಿಟ್ಟ. ಹತ್ತು ಗಂಟೆ ಏಳಲಿಲ್ಲ. ಅವನನ್ನು ದಾಟಿ ಹೋಗಲು ನಾಚಿಕೆಯಾಗಿ ನಾನೂ ಏಳಲಿಲ್ಲ. ಅದರ ಕಷ್ಟ ಬರೆಯುವಂಥದ್ದಲ್ಲ.

ಲಂಡನ್, ಮೊದಲ ವಾರ

ಅಲ್ಲಿ ಸಂಜೆಯೇ ಆಗುವುದಿಲ್ಲ. ಗಡಿಯಾರದಲ್ಲಿ ಒಂಬತ್ತು, ಹೊರಗೆ ನಮ್ಮ ನಾಲ್ಕು ಗಂಟೆ ಬಿಸಿಲು. ದೀಪ ಹಚ್ಚುವ ಹೊತ್ತು ಯಾವುದು, ಉಣ್ಣುವ ಹೊತ್ತು ಯಾವುದು ತಿಳಿಯದೆ ಸಿಂಧು ಹೇಳಿದಾಗ ಉಂಡೆ. ಅಲ್ಲಿಯ ಜನ ನಾಯಿಯ ಜೊತೆ ಮಾತಾಡಿಕೊಂಡು ಹೋಗುತ್ತಾರೆ, ಎದುರಿಗೆ ಮನುಷ್ಯ ಬಂದರೆ ಸುಮ್ಮನಾಗುತ್ತಾರೆ. ಬಸ್ ಇಳಿಯುವಾಗ ಡ್ರೈವರಿಗೆ ಕೂಗಿ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಕಡೆ ಹಾಗೆ ಕೂಗಿದರೆ ಏನೋ ಮರೆತು ಇಳಿದಿದ್ದಾಳೆ ಎಂದು ಬಸ್ ನಿಲ್ಲಿಸಿಬಿಡುತ್ತಾರೆ. ಒಂದು ಅಂಗಡಿಯಲ್ಲಿ ಒಬ್ಬಳ ಕಾಲು ತುಳಿದೆ, ಅವಳೇ ನನಗೆ ಸಾರಿ ಎಂದಳು. ತುಳಿಸಿಕೊಂಡವರು ಯಾಕೆ ಕ್ಷಮೆ ಕೇಳಬೇಕು ಎಂದು ಸಿಂಧುವನ್ನು ಕೇಳಿದೆ. "ಅಭ್ಯಾಸ ಅಜ್ಜಿ" ಎಂದಳು.

ಸಾಲು ನಿಲ್ಲುವುದರಲ್ಲಿ ಮಾತ್ರ ಅವರೂ ನಮ್ಮ ಡೈರಿಯವರೂ ಒಂದೇ. ಯಾರೂ ಹೇಳದೆ ನಿಲ್ಲುತ್ತಾರೆ, ಮುಂದಿನವರ ಬೆನ್ನು ನೋಡುತ್ತಾರೆ. ಅಂಥ ಸಾಲು ಕಂಡಾಗಲೆಲ್ಲ ನನ್ನ ಹಿಂದೆ ಯಾರೋ ಕೆಮ್ಮಿದ ಹಾಗಾಗುತ್ತಿತ್ತು.

ಐದನೇ ದಿನ ಮಂಜ ಫೋನ್ ಮಾಡಿದ.

"ಪೇದೆ ಬಂದಿದ್ದ ಕಣವ್ವ. ನಮ್ಮವ್ವ ಪಾರಿನ್‌ಗೆ ಓಗೌಳೆ ಅಂದೆ. ನಗಾಡ್ಕಂಡು ಓದ. ಹೇಳಿಕೆ ಸಿಕ್ಕೋಗಂಟ ಫೈಲು ಮುಂದಕ್ಕೋಗಲ್ವಂತೆ."

"ಪಕ್ಕದ ಮನೇಲಿ?"

"ಹಾಸನಕ್ಕೆ ಕರ್ಕೊಂಡೋಗಿ ವಾಪಸ್ ಕರ್ಕೊಂಡ್ಬಂದವ್ರೆ. ಮನೇಲೇ ನೋಡ್ಕಳಿ ಅಂದ್ರಂತೆ. ಒಳ್ಳೇ ಕೆಲ್ಸ ಮಾಡ್ದೆ ಬುಡವ್ವ, ಅಲ್ಲೇ ಇರು."

ಮಗ ಹೊಗಳಿದ್ದು ಕೇಳಿ ನನಗೆ ಊಟ ಸೇರಲಿಲ್ಲ. ನಾನು ಯಾವ ಕಡೆಗೂ ಇಲ್ಲ ಎಂದುಕೊಂಡು ಬಂದಿದ್ದೆ. ಬಂದಿದ್ದೇ ಒಂದು ಕಡೆಗೆ ಸಹಿ ಹಾಕಿದಂತಾಗಿತ್ತು.

ಪಾರ್ಲಿಮೆಂಟ್ ಬಾಗಿಲು

ಸಿಂಧುವಿಗೆ ರಜೆ ಇದ್ದ ದಿನ "ಇವತ್ತು ಪಾರ್ಲಿಮೆಂಟ್ ತೋರಿಸ್ತೀನಿ, ಯಾರು ಬೇಕಾದ್ರೂ ಒಳಗೆ ಕೂತ್ಕೊಂಡು ಕೇಳ್ಬಹುದು" ಎಂದು ಕರೆದುಕೊಂಡು ಹೋದಳು. ನಮ್ಮಲ್ಲಿ ತಾಲ್ಲೂಕು ಕಚೇರಿಯ ಒಳಗೆ ಕೂರಲಿಕ್ಕೇ ಯಾರದಾದರೂ ಶಿಫಾರಸು ಬೇಕು.

ಬಾಗಿಲಲ್ಲಿ ಚೀಲವನ್ನು ಮಿಷನ್ನಿಗೆ ಹಾಕಿದರು. ಅದು ಕಿರ್ರ್ ಎಂದಿತು. ಗಡ್ಡದ ಒಬ್ಬ ಕಾವಲಿನವನು ನನ್ನ ಎಲೆ ಅಡಿಕೆ ಸಂಚಿಯನ್ನು ಎರಡು ಬೆರಳಲ್ಲಿ ಎತ್ತಿ, ಒಳಗಿಂದ ಅಡಕತ್ತರಿ ತೆಗೆದ. ಬರುವಾಗ ದೊಡ್ಡ ಪೆಟ್ಟಿಗೆಯಲ್ಲಿ ಬಂದಿತ್ತು, ಸಂಚಿಗೆ ಹಾಕಿದ್ದು ಮರೆತೇ ಹೋಗಿತ್ತು. ಅವನು ಅದನ್ನು ತೆರೆದ, ಮುಚ್ಚಿದ, ಇನ್ನೊಬ್ಬನನ್ನು ಕರೆದ. ಅವನೂ ತೆರೆದು ಮುಚ್ಚಿದ.

"ಇದ್ರಲ್ಲಿ ಏನು ಕತ್ತರಿಸ್ತೀಯ ಅಂತ ಕೇಳ್ತಿದ್ದಾನೆ ಅಜ್ಜಿ" ಎಂದು ಸಿಂಧು ಹಲ್ಲು ಕಚ್ಚಿಕೊಂಡು ಹೇಳಿದಳು.

ನಾನು ಸಂಚಿಯಿಂದ ಒಂದು ಗೋಟಡಿಕೆ ತೆಗೆದು, ಅವನ ಕೈಯಿಂದ ಅಡಕತ್ತರಿ ತೆಗೆದುಕೊಂಡು, ಅಲ್ಲೇ ನಾಲ್ಕು ಹೋಳು ಮಾಡಿ ಒಂದನ್ನು ಅವನಿಗೆ ಕೊಟ್ಟೆ. ಸಿಂಧು ಮುಖ ಮುಚ್ಚಿಕೊಂಡಳು. ಅವನು ತಿನ್ನಲಿಲ್ಲ, ಮೂಸಿ ನೋಡಿ ಜೇಬಿಗೆ ಹಾಕಿಕೊಂಡ. ಅಡಕತ್ತರಿಯನ್ನು ಮಾತ್ರ ಇಟ್ಟುಕೊಂಡು ಚೀಟಿ ಕೊಟ್ಟ, ಹೋಗುವಾಗ ತೆಗೆದುಕೊಂಡು ಹೋಗಿ ಎಂದು. ಮೇಲೆ ಗ್ಯಾಲರಿ ಬಾಗಿಲಲ್ಲಿ ಫೋನೂ ಕೊಡಬೇಕಾಯಿತು. ಅಡಕತ್ತರಿ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಕಷ್ಟವಾಯಿತು. ಊರಿಂದ ಸುದ್ದಿ ಬಂದರೆ?

ಮೇಲಿನ ಸಾಲು

ನಾವು ಕೂತಿದ್ದು ಮೇಲೆ, ಗಾಜಿನ ಹಿಂದೆ. ಕೆಳಗೆ ಎದುರುಬದುರಾಗಿ ಹಸಿರು ಬೆಂಚು. ಎಷ್ಟೋ ಬೆಂಚು ಖಾಲಿ. ನಮ್ಮ ಪಂಚಾಯ್ತಿಯ ಗ್ರಾಮಸಭೆಗೆ ಜನ ಸೇರದೆ ಮನೆಮನೆಗೆ ಹೋಗಿ ಕರೆದುಕೊಂಡು ಬರುತ್ತಾರಲ್ಲ, ಇಲ್ಲಿ ಅದನ್ನೂ ಮಾಡಿರಲಿಲ್ಲ. ಒಬ್ಬರು ಮಾತಾಡಿ ಕೂತ ತಕ್ಷಣ ಐದಾರು ಜನ ಒಟ್ಟಿಗೆ ಎದ್ದು ನಿಲ್ಲುತ್ತಾರೆ, ಪೀಠದಲ್ಲಿರುವವರು ಒಬ್ಬರ ಹೆಸರು ಕರೆದರೆ ಮಿಕ್ಕವರು ಕೂರುತ್ತಾರೆ. ಮತ್ತೆ ಏಳುತ್ತಾರೆ, ಮತ್ತೆ ಕೂರುತ್ತಾರೆ. ವಯಸ್ಸಾದ ಒಬ್ಬರು ಹದಿನೈದು ಸಲವಾದರೂ ಎದ್ದು ಕೂತರು, ಅವರ ಹೆಸರು ಬರಲಿಲ್ಲ. ಅವರ ಮಂಡಿ ನೆನೆದು ನನ್ನ ಮಂಡಿ ನೋಯಿತು.

"ಏನ್ ಮಾತಾಡ್ತವ್ರೆ?" ಎಂದೆ.

ಸಿಂಧು ಕಿವಿಯ ಹತ್ತಿರ ಬಂದು ಹೇಳಿದಳು: "ಜೈಲಿನ ವಿಷಯ ಅಜ್ಜಿ. ಜೈಲೆಲ್ಲ ತುಂಬಿಹೋಗಿದೆ, ಯಾರನ್ನ ಬೇಗ ಬಿಡಬೇಕು, ಪೆರೋಲ್ ಯಾರಿಗೆ ಕೊಡಬೇಕು ಅಂತ."

ಐದು ಸಾವಿರ ಮೈಲಿಯೋ ಆರು ಸಾವಿರ ಮೈಲಿಯೋ ಓಡಿಬಂದು, ಹುಡುಕಿಕೊಂಡು ಬಂದವಳ ಹಾಗೆ ಅದೇ ಮಾತಿನ ಮುಂದೆ ಕೂತಿದ್ದೆ. "ನಡೀ, ಓಗಾಣ" ಎಂದೆ. "ಈಗಷ್ಟೇ ಕೂತಿದ್ದೀವಿ" ಎಂದಳು. ಕರಿ ಕೋಟು ತೊಟ್ಟ, ಎದೆ ಮೇಲೆ ಬಿಲ್ಲೆ ಕಟ್ಟಿಕೊಂಡ ಕಾವಲಿನವನು ನಮ್ಮ ಕಡೆ ನೋಡಿದ. ಸುಮ್ಮನೆ ಕೂತೆ.

ಅವರು ಹೇಳಿದ್ದನ್ನು ಸಿಂಧು ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಾ ಹೋದಳು. ಒಬ್ಬ ಎದ್ದು ಹೇಳಿದ: ಒಳಗೇ ಕೂಡಿಟ್ಟರೆ ಮನುಷ್ಯ ಕೆಡುತ್ತಾನೆ, ಮನೆ ಮಠದ ಸಂಬಂಧ ಕಡಿದುಹೋದವನೇ ಹೊರಗೆ ಬಂದ ಮೇಲೆ ಮತ್ತೆ ತಪ್ಪು ಮಾಡುವುದು. ಇನ್ನೊಬ್ಬ ಎದ್ದು ಹೇಳಿದ: ಅವನ ಮನೆ ಸರಿ, ಸತ್ತವನ ಮನೆಯ ಗತಿ ಏನು? ಇಬ್ಬರೂ ಹೇಳಿದ್ದು ಸರಿ. ಅದೇ ನನಗೆ ಸಿಟ್ಟು ತರಿಸಿತು. ಒಬ್ಬನಾದರೂ ತಪ್ಪು ಹೇಳಿದ್ದರೆ ಇನ್ನೊಬ್ಬನ ಕಡೆ ಹೋಗಿ ನಿಲ್ಲಬಹುದಿತ್ತು.

ಆಮೇಲೆ ಒಬ್ಬ ಹೆಂಗಸು ಎದ್ದಳು. ಅವಳ ಕ್ಷೇತ್ರದ ಯಾವುದೋ ಮುದುಕಿ ಬರೆದ ಕಾಗದ ಓದಿದಳು. ಮುದುಕಿಯ ಮಗನನ್ನು ಕೊಂದವನು ಜೈಲಿನಲ್ಲಿದ್ದಾನೆ. ಅವನನ್ನು ಬಿಡುವ ಮಾತು ಬಂದಾಗಲೆಲ್ಲ ಇವಳಿಗೆ ಕಾಗದ ಬರುತ್ತದೆ. ಕಾಗದ ಬಂದ ದಿನದಿಂದ ಇವಳಿಗೆ ನಿದ್ದೆ ಇಲ್ಲ.

"ಬುಡಬೇಕೋ ಬ್ಯಾಡ್ವೋ ಅಂತ ಅವಳನ್ನೂ ಕೇಳ್ತಾರಾ?" ಎಂದೆ.

"ಇಲ್ಲ ಅಜ್ಜಿ. ಬಿಡೋದು ಬಿಡದೆ ಇರೋದು ಅದಕ್ಕಂತ ಇರೋರ ಕೆಲಸ. ನಿಂಗೆ ಏನು ಭಯ, ಅವನು ಎಲ್ಲಿಗೆ ಬರಬಾರದು, ಅದನ್ನ ಇವಳನ್ನ ಕೇಳ್ತಾರೆ. ಆ ಬೀದಿಗೆ ಬರಬಾರದು, ಆ ಅಂಗಡಿ ಹತ್ರ ಸುಳೀಬಾರದು ಅಂತ ಇವಳು ಬರೆದು ಕೊಡಬಹುದು."

"ಇನ್ನೊಂದ್ಸಲ ಯೋಳು."

ಅವಳು ಇನ್ನೊಂದು ಸಲ ಹೇಳಿದಳು. ಕರಿ ಕೋಟಿನವನು ಬಂದು ಬಾಯಿಯ ಮೇಲೆ ಬೆರಳಿಟ್ಟ.

ಆ ಮುದುಕಿಯ ದೂರು ಬೇರೆಯೇ ಇತ್ತು. ಬರೆದು ಕೊಟ್ಟಿದ್ದನ್ನು ಯಾರೂ ಸರಿಯಾಗಿ ಓದುವುದಿಲ್ಲ ಎಂದು. ನನಗೆ ಅದರ ಮೇಲೆ ಗಮನ ಇರಲಿಲ್ಲ. ಪೇದೆ ನನ್ನ ಮುಂದೆ ಎರಡು ಮಾತು ಇಟ್ಟಿದ್ದ, ಎರಡರಲ್ಲಿ ಒಂದು ಆರಿಸು ಎಂದಿದ್ದ. ಮೂರನೆಯದು ಒಂದು ಇರಬಹುದು ಎಂದು ನಾನು ಕೇಳಿಯೇ ಇರಲಿಲ್ಲ. ಒಂದು ಕ್ಯಾನು ಹಾಲು ಹಾಕಿದರೂ ಹಾಲಿನ ಗಟ್ಟಿ ಅಳೆಯುವ ಡಿಗ್ರಿ ಎಷ್ಟು ಬಂತು, ಯಾಕೆ ಕಡಿಮೆ ಬಂತು ಎಂದು ನಾಲ್ಕು ಮಾತು ಕೇಳುವವಳು, ಇದಕ್ಕೆ ಮಾತ್ರ ಬಾಯಿ ಬಿಡದೆ ವಿಮಾನ ಹತ್ತಿದ್ದೆ.

"ಕೊನೆಗೆ ಏನ್ ತೀರ್ಮಾನ ಆಯ್ತು?" ಎಂದು ಇಳಿಯುವಾಗ ಕೇಳಿದೆ.

"ಏನೂ ಇಲ್ಲ. ಇವತ್ತು ಬರೀ ಮಾತು."

ಆ ಮುದುಕಪ್ಪನ ಹೆಸರು ಕೊನೆಗೂ ಬಂದಿರಲಿಲ್ಲ.

ಸೇತುವೆ

ಅಡಕತ್ತರಿ ವಾಪಸ್ ಬಂತು. ಫೋನೂ ಬಂತು. ಮಂಜ ನಾಲ್ಕು ಸಲ ಕರೆದಿದ್ದ. ಮುಗಿಯಿತು, ಜವರಿ ಹೋದಳು, ನನ್ನ ಸಹಿ ಇಲ್ಲದೆ ಹೋದಳು ಎಂದುಕೊಂಡೆ. ಹೊಳೆಯ ಮೇಲಿನ ಸೇತುವೆಯಲ್ಲಿ ನಿಂತು ಸಿಂಧು ಅವನಿಗೆ ಫೋನ್ ಹಚ್ಚಿದಳು.

"ಹಸ ಕರ ಆಕ್ತು ಕಣವ್ವ! ಎಣ್ಗರ!" ಎಂದ ಮಂಜ.

"ಅದ್ಕೆ ನಾಕ್ ಸಲ ಮಾಡ್ತೀಯೇನ್ಲಾ, ಮುಂಡೇದೆ!" ಎಂದು ಬೈದು ಅಳತೊಡಗಿದೆ. ಸೇತುವೆ ಮೇಲೆ ಹೋಗುತ್ತಿದ್ದ ಇಬ್ಬರು ನನಗೆ ಸಾರಿ ಎಂದರು.

ಸಿಂಧುವಿಗೆ ಎಲ್ಲ ಹೇಳಿದೆ. ಪೇದೆ, ಕಾಗದ, ಮಂಜ ಮೆಲ್ಲಗೆ ಹೇಳಿದ ಮಾತು.

"ಹಂಗಾದ್ರೆ ನೀನು ನನ್ನ ನೋಡಕ್ಕೆ ಬಂದಿಲ್ಲ."

"ಇಲ್ಲ."

"ಸುಳ್ಳಾದ್ರೂ ಹೇಳಬಾರದಾ ಅಜ್ಜಿ?"

"ನಿನ್ನ ಕಂಡು ಸಂತೋಷ ಆಯ್ತು. ಅದು ಸುಳ್ಳಲ್ಲ. ಟಿಕೆಟ್ ಯಾವತ್ತಿಗೆ ಸಿಕ್ತದೆ ನೋಡು."

ಚನ್ನರಾಯಪಟ್ಟಣ

ಬೆಂಗಳೂರಿಗೆ ಮಂಜ ಕಾರು ತಂದಿದ್ದ. ಇಷ್ಟು ಬೇಗ ಯಾಕೆ ಬಂದೆ ಎಂದು ಕೇಳಿದ, ಚಳಿ ಎಂದೆ. ಚನ್ನರಾಯಪಟ್ಟಣ ಬಂದಾಗ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೆ ತಿರುಗಿಸು ಎಂದೆ. ಜವರಮ್ಮನ ಮಗಳು, ನಾಗರಾಜನ ತಂಗಿ ರತ್ನ ಇರುವುದು ಅಲ್ಲಿ. ಮಂಜ ಬ್ರೇಕ್ ಹಾಕಿ ಸ್ಟೇರಿಂಗ್ ಬಿಡದೆ ಕೂತ. ನಾನೊಬ್ಬಳೇ ಇಳಿದು ಹೋದೆ.

ರತ್ನ ಬಾಗಿಲಲ್ಲಿ ನನ್ನನ್ನು ಕಂಡು ಮೊದಲು ಕೇಳಿದ್ದು, "ದೊಡ್ಡವ್ವ, ನಮ್ಮವ್ವಂಗೇನಾರ ಆಯ್ತಾ?"

"ನಾನಿನ್ನೂ ಊರು ಮುಟ್ಟಿಲ್ಲ ಕಣವ್ವ. ಒಂದ್ ಮಾತು ಕೇಳ್ತೀನಿ. ನಿಮ್ಮಣ್ಣನ್ನ ಬುಟ್ರೆ ಈ ಮನೇಲಿ ಇಟ್ಕತೀಯ? ನಿಮ್ಮವ್ವನ್ನೂ ಇಲ್ಲಿಗೇ ಕರ್ಕಬೇಕು. ಅವನು ನಮ್ಮೂರಿಗೆ ಕಾಲಿಡಂಗಿಲ್ಲ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಇಟ್ಕತೀನಿ ದೊಡ್ಡವ್ವ. ಆದ್ರೆ ಅವ್ವ ಬರಲ್ಲ. ಎಷ್ಟು ಕರೆದ್ರೂ ಆ ಮನೆ ಬುಟ್ಟು ಏಳಲ್ಲ ಅಂತಾಳೆ."

"ಅದ್ನ ನಂಗೆ ಬುಡು."

ಕಾಫಿ ಕುಡಿಯಿರಿ ಎಂದಳು, ಕುಡಿಯಲಿಲ್ಲ. ಅಷ್ಟು ದೂರ ಇನ್ನೂ ಬಂದಿರಲಿಲ್ಲ ನಾನು.

ಹೊಳೆನರಸೀಪುರ ದಾಟಿದ ಮೇಲೆ ಮಂಜ, "ನನ್ನ ಒಂದ್ ಮಾತು ಕೇಳ್ಲಿಲ್ಲ ನೀನು" ಎಂದ.

"ಇಲ್ಲ."

"ಅಪ್ಪನ್ನ ಒಡ್ದವನು ಕಣವ್ವ."

"ಎಣ ತೊಳ್ದೋಳು ನಾನು. ನಂಗೆ ಯೋಳ್ತೀಯಾ?"

ಮನೆ ಮುಟ್ಟಿದಾಗ ಜವರಮ್ಮ ಜಗುಲಿಯ ಮಂಚದಲ್ಲಿ ಮಲಗಿದ್ದಳು. ಅವಳ ಕೈ ಒಣಗಿದ ಸೌದೆಯ ಹಾಗಿತ್ತು. ಕಾಲಿನ ಹತ್ತಿರ ನಿಂತು, "ರತ್ನನ ಮನೆಗೋಗು" ಎಂದೆ. ಒಂಬತ್ತು ವರ್ಷದ ಮೇಲೆ ಮೊದಲ ಮಾತು ಅದು.

ಅವಳು ಕಣ್ಣು ತೆರೆದು, ನಾನೇ ಹೌದೋ ಅಲ್ಲವೋ ಎಂದು ನೋಡಿದಳು. "ಇಲ್ಲೇ ಸಾಯ್ತೀನಿ ಬುಡಕ್ಕ."

"ನಾಗ ಅಲ್ಲಿಗೆ ಬಂದ್ರೆ?"

ಅವಳು ಮಂಚದ ಕೆಳಗೆ ಕೈ ಹಾಕಿ ಚಪ್ಪಲಿ ಹುಡುಕತೊಡಗಿದಳು.

ಮಾರನೆಯ ಬೆಳಿಗ್ಗೆ

ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಮಂಜನನ್ನು ಎಬ್ಬಿಸಿ ಜೊತೆಗೆ ಕರೆದುಕೊಂಡು ಠಾಣೆಗೆ ಹೋದೆ. ಪೇದೆ ನಗುತ್ತಾ, "ಏನಮ್ಮ, ಪಾರಿನ್ ಎಂಗಿತ್ತು?" ಎಂದ. "ಬರ್ಕೋ" ಎಂದೆ.

ತಾಯಿಯನ್ನು ನೋಡಲು ಅವನು ಬರಲಿ, ನನ್ನ ಆಕ್ಷೇಪಣೆ ಇಲ್ಲ. ಚನ್ನರಾಯಪಟ್ಟಣದಲ್ಲಿ ತಂಗಿಯ ಮನೆಯಲ್ಲೇ ಇರಬೇಕು. ನಮ್ಮೂರ ಗಡಿ ದಾಟಬಾರದು.

"ಷರತ್ತು ಆಕಾದು ಮೇಲಿನೋರ ಕೆಲ್ಸ ಕಣಮ್ಮ."

"ಆಕಾದು ಅವ್ರ ಕೆಲ್ಸ, ಕೇಳಾದು ನನ್ ಕೆಲ್ಸ. ಬರಿ."

ಬರೆದ. ಓದು ಎಂದೆ. ಓದಿದ. ಇನ್ನೊಂದು ಸಾಲು ಸೇರಿಸು ಎಂದೆ: ನನ್ನ ಮಗ ಮಂಜುನಾಥ ಚನ್ನರಾಯಪಟ್ಟಣಕ್ಕೆ ಹೋಗಿ ಅವನ ತಂಟೆ ಮಾಡುವುದಿಲ್ಲ, ಅದಕ್ಕೆ ಅವನದೂ ಸಹಿ ಇದೆ.

ಮಂಜ ಬೆಂಚಿನಿಂದ ಎದ್ದ. "ನಾನೇನ್ ಖೈದಿನಾ?"

"ಆಗ್ಬಾರ್ದು ಅಂತ್ಲೇ. ನೀನೊಳಗೋದ್ರೆ ನಾನು ಜವರಿ ಮಂಚದಲ್ಲಿ ಮಲಗ್ಬೇಕು ಕಣ್ಲಾ. ಆಗ ಯಾರ್ ಸೈನಿಗೆ ಕಾಯ್ಲಿ?"

ನಾನು ನನ್ನ ಸಹಿ ಹಾಕಿ ಪೆನ್ನು ಅವನ ಕಡೆ ಚಾಚಿದೆ. ಅವನು ಕಾಗದವನ್ನು ಎರಡು ಸಲ ಓದಿದ. ಪೆನ್ನು ಹಿಡಿದು ಎಷ್ಟು ಒತ್ತಿದನೆಂದರೆ ಹಾಳೆ ಹರಿದು ಮೇಜಿಗೆ ಗೀರು ಬಿತ್ತು.

ಪೇದೆ ಇಬ್ಬರನ್ನೂ ಬೈದುಕೊಂಡು ಹೊಸ ಹಾಳೆ ತೆಗೆದು ಮೊದಲಿಂದ ಬರೆಯಲು ಕೂತ. ನಾನು ಸಂಚಿ ಬಿಚ್ಚಿ, ಅಡಕತ್ತರಿ ತೆಗೆದು ಅಡಿಕೆ ಹೋಳು ಮಾಡಿದೆ. ಇಲ್ಲಿ ಯಾರೂ ಅದನ್ನು ಕಿತ್ತುಕೊಳ್ಳಲಿಲ್ಲ. ಒಂದು ಹೋಳು ಪೇದೆಗೆ ಕೊಟ್ಟೆ, ಒಂದು ಮಂಜನಿಗೆ. ಮಂಜ ಅದನ್ನು ದವಡೆಗೆ ಹಾಕಿಕೊಂಡು ಗೋಡೆ ನೋಡುತ್ತಾ ನಿಂತ. ಬರೆದು ಮುಗಿದಾಗ ಮೊದಲು ನಾನು ಹಾಕಿದೆ. ಅವನು ಎರಡನೇ ಸಲ ನಿಧಾನವಾಗಿ, ಹೆಸರು ಪೂರ್ತಿ ಬರೆದು, ಸಹಿ ಹಾಕಿದ.